ತೋಡಿಗೆ ಮದ್ದು

"ಕೈ ತೆಗಿಯೇ ಲೌಡಿ, ಮದ್ದಿನ ಡಬ್ಬಕ್ಕೆಲ್ಲ ಎಣ್ಣೆ ಮೆತ್ತತೀಯಾ!" ಎಂದು ಕಾಫಿ ತೋಟದ ಲೆಕ್ಕ ಬರೆಯುವ ರೈಟರ್ ಕುಶಾಲಪ್ಪ ತೋಡಿನ ದಂಡೆಯಲ್ಲಿ ನಿಂತು ಕಿರುಚಿದ.

ಎಣ್ಣೆ ಕರಗಿಸುವ ಆ ಮದ್ದಿನ ಡಬ್ಬದ ಮೇಲಿಂದ ಹುಚ್ಚಮ್ಮ ಕೈ ತೆಗೆಯಲಿಲ್ಲ. ಮೊಣಕೈವರೆಗೂ ಡೀಸೆಲ್ ಹತ್ತಿದ್ದ ಕೈ ಅದು. ಹಿಂದಿನ ದಿನ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಡೀಸೆಲ್ ಡ್ರಮ್ಮು ಉರುಳಿ, ಎಣ್ಣೆಯೆಲ್ಲ ತೋಡಿಗೆ ಇಳಿದಿತ್ತು. ನಮ್ಮ ಕೂಲಿ ಲೈನಿನ ಇಪ್ಪತ್ತು ಮನೆಗಳು ಕುಡಿಯುವುದು ಆ ತೋಡಿನ ನೀರನ್ನೇ. ಸಾಹುಕಾರರ ಬಂಗಲೆಗೆ ಮೇಲಿನ ಬುಗ್ಗೆಯಿಂದ ಬೇರೆ ತೊಟ್ಟಿಯುಂಟು. ಅದನ್ನು ನಾವು ಮುಟ್ಟಿದರೆ ಬೆನ್ನಿನ ಚರ್ಮ ಸುಲಿಯುತ್ತದೆ. ನಾವು ಹೆಂಗಸರು ತೋಡಿಗೆ ಅಡ್ಡಲಾಗಿ ಬಿದಿರು ಕಟ್ಟಿ, ತೇಲಿ ಬಂದು ನಿಂತ ಎಣ್ಣೆಯನ್ನು ಕಾಫಿ ಗೋಣಿಗೆ ಹೀರಿಸಿ ಆಚೆ ಹಿಂಡುತ್ತಿದ್ದೆವು. ಅರ್ಧ ಮುಗಿದಿತ್ತು.

"ಇನ್ನೊಂದಿನ ಬುಡಿ ಬುದ್ದಿ," ಎಂದಳು ಹುಚ್ಚಮ್ಮ. "ಮ್ಯಾಲೆ ತೇಲೋದ ಬಾಚಿ ತಗೀತೀವಿ. ಮದ್ದು ಹುಯ್ದ್ರೆ ನೀರೊಳಿಕ್ಕೇ ಬೆರ್ತೋಯ್ತದೆ. ಆಮ್ಯಾಕೆ ಏನ ಬಾಚಾನ? ನಮ್ಮ ಕೂಸುಗಳು ಅದನ್ನೇ ಕುಡೀಬೇಕು."

ಕುಶಾಲಪ್ಪನ ಹಿಂದೆ ನಿಂತಿದ್ದ ತೋಟದ ಸಾಹುಕಾರ ಉತ್ತಯ್ಯ ಗಂಭೀರವಾಗಿ ಯೋಚಿಸಿದ. ಎಣ್ಣೆಗೆ ಮದ್ದು ಯಾವಾಗ ಹಾಕಬೇಕೆಂಬುದು ಸಣ್ಣ ವಿಷಯವೇ? ತೋಡಿನ ಆಳ ನೋಡಬೇಕೆ, ನೀರಿನ ಓಟ ನೋಡಬೇಕೆ, ಕುಡಿಯುವ ಮಕ್ಕಳನ್ನು ಎಣಿಸಬೇಕೆ? ಅವನು ಕೈಗಡಿಯಾರ ನೋಡಿದ.

"ನೀರು ನೋಡೋಕೆ ಬರೋ ಇನ್ಸ್‌ಪೆಕ್ಟರ್ ಜೀಪು ಎಷ್ಟೊತ್ತಿಗೆ?"

"ಹತ್ತಕ್ಕೆ ಸಾರ್," ಎಂದ ಕುಶಾಲಪ್ಪ.

"ಹಂಗಾರೆ ಒಂಬತ್ತಕ್ಕೆ ಹುಯ್ಯಿ."

ಅವನ ವಿಜ್ಞಾನ ಅಷ್ಟಕ್ಕೆ ಮುಗಿಯಿತು. ಕುಶಾಲಪ್ಪ ಡಬ್ಬ ಕಿತ್ತುಕೊಂಡು ಒಂಬತ್ತಕ್ಕೆ ಸರಿಯಾಗಿ ತೋಡಿಗೆ ಹುಯ್ದ. ಹತ್ತರ ಹೊತ್ತಿಗೆ ನೀರಿನ ಮೇಲಿನ ಬಣ್ಣಬಣ್ಣದ ಪೊರೆ ಮಾಯವಾಗಿತ್ತು. ಮೈಸೂರು ಸರ್ಕಾರದ ಇನ್ಸ್‌ಪೆಕ್ಟರು ಬಗ್ಗಿ ನೋಡಿ, ತಲೆದೂಗಿ, ಬಂಗಲೆಯ ಜಗಲಿಯಲ್ಲಿ ಕಾಫಿಗೆ ಕುಳಿತರು. ತೋಡಿನ ಏಡಿಗಳು ಮಾತ್ರ ದಂಡೆ ಹತ್ತಿ ಓಡುತ್ತಿದ್ದವು.

ಹುಚ್ಚಮ್ಮ ಖಾಲಿ ಕೊಡ ಸೊಂಟಕ್ಕಿಟ್ಟು, ಮದ್ದಿನ ಡಬ್ಬ ಎತ್ತಿಕೊಂಡು ಬಂಗಲೆಯ ಕಡೆ ನಡೆದಳು. ನಾವೂ ಕೊಡ ಹಿಡಿದು ಹಿಂದೆ ಹೋದೆವು. ಜಗಲಿಯ ಎದುರಿನ ತೊಟ್ಟಿಗೆ ಮೊದಲು ಕೊಡ ಅದ್ದಿದವಳು ನಮ್ಮ ಲೈನಿನ ಮಾರಿ.

"ತೊಟ್ಟಿ ಮುಟ್ಟುದ್ಯೇನೇ ಮುಂಡೆ!" ಕುಶಾಲಪ್ಪ ಓಡಿ ಬಂದ.

"ತೋಡು ಚೊಕ್ಕ ಆಗ್ಯದಲ್ಲ ಬುದ್ದಿ, ನೀವು ಅಲ್ಲಿ ತುಂಬ್ಕಳಿ," ಎಂದಳು ಮಾರಿ.

ಎಲ್ಲರ ಕೊಡ ತುಂಬಿತು. ಆಮೇಲೆ ಹುಚ್ಚಮ್ಮ ತನ್ನ ಎರಡೂ ಕೈಗಳನ್ನು ಮೊಣಕೈವರೆಗೆ ತೊಟ್ಟಿಗಿಳಿಸಿ, ನಿಧಾನವಾಗಿ ಉಜ್ಜಿ ತೊಳೆದಳು. ಡೀಸೆಲ್ಲಿನ ಪೊರೆ ತೊಟ್ಟಿಯ ತುಂಬ ಹರಡಿತು. ಅವಳು ಡಬ್ಬ ಅಲುಗಾಡಿಸಿ ನೋಡಿದಳು.

"ತಳದಾಗೆ ವಸಿ ಮದ್ದು ಉಳದದೆ. ಹುಯ್ಲಾ ಸಾವ್ಕಾರ್ರೆ?"

ಉತ್ತಯ್ಯನ ಕಾಫಿ ಪ್ಯಾಂಟಿನ ಮೇಲೆ ಚೆಲ್ಲಿತು. ಇನ್ಸ್‌ಪೆಕ್ಟರು ಪಕ್ಕದಲ್ಲಿರುವುದನ್ನೂ ಮರೆತು ಅವನು ಅರಚಿದ.

"ಬೇಡ! ಮದ್ದು ಬೇಡ! ಮೇಲಿಂದ ಬಾಚಿ ತೆಗೀರೇ, ಬಾಚಿ!"

"ನೀವೇ ಬಾಚ್ಕಳಿ," ಎಂದು ಹುಚ್ಚಮ್ಮ ತುಂಬಿದ ಕೊಡವನ್ನು ತಲೆಗೇರಿಸಿ ಲೈನಿನ ಕಡೆ ಇಳಿದಳು.