ಅತ್ತೆಯ ನಿಟ್ಟುಸಿರು

ನಮ್ಮತ್ತೆಗೆ ಜಗಳ ಆಡಲು ಬರುವುದಿಲ್ಲ. ಬರುವುದು ನಿಟ್ಟುಸಿರು ಮಾತ್ರ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು, ಊರಿನವರ ಮಾತನ್ನೆಲ್ಲ ಊರಿನವರಿಗೆ ತಲುಪಿಸಿ ನಿವೃತ್ತರಾದವರು. ತಮ್ಮ ಪಾಲಿನ ಮಾತನ್ನೂ ಅಲ್ಲೇ ಖರ್ಚು ಮಾಡಿ ಬಂದಿದ್ದಾರೆ ಎಂದು ನನ್ನ ಗಂಡ ನಗುತ್ತಾನೆ. ಹಾಲು ಉಕ್ಕಿದರೆ ಸಣ್ಣದೊಂದು ನಿಟ್ಟುಸಿರು. ನಾನು ಕೆಲಸದಿಂದ ತಡವಾಗಿ ಬಂದರೆ ಉದ್ದನೆಯದು. ಎದುರಿಗೆ ನಿಂತು ಬೈದರೆ ತಿರುಗಿ ಒಂದು ಮಾತಾದರೂ ಆಡಬಹುದು. ಉಸಿರಿಗೆ ಏನೆಂದು ಉತ್ತರ ಕೊಡುವುದು?

ಆ ವಾರ ಬೇಕರಿಯಲ್ಲಿ ನನಗೆ ಬೆಳಗಿನ ಪಾಳಿಯ ಮೇಲ್ವಿಚಾರಣೆ ಒಪ್ಪಿಸಿದ್ದರು. ಬ್ರೆಡ್ಡಿನ ಹಿಟ್ಟು ಉಬ್ಬುವ ಹೊತ್ತಿಗೆ ನಾನು ಅಲ್ಲಿರಬೇಕು. ಅಂದರೆ ಮಗಳನ್ನು ಎಬ್ಬಿಸಿ, ಜಡೆ ಹಾಕಿ, ಶಾಲೆಗೆ ಬಿಡುವ ಕೆಲಸ ಅತ್ತೆಯ ಪಾಲಿಗೆ. ಹೇಳಿದಾಗ "ಆಗ್ಲಿ" ಎಂದರು, ಅಷ್ಟೇ. ಆಮೇಲೆ ಅವರಿಗೆ ಹೊಟ್ಟೆ ಕೆಟ್ಟಿತು, ವಾಂತಿ ಶುರುವಾಯಿತು, ತಿಂದದ್ದು ಒಂದೂ ನಿಲ್ಲಲಿಲ್ಲ. ಒಂದೆರಡು ದಿನ ಕಳೆದು, ನನಗೆ ರಜೆಯಿದ್ದ ಬೆಳಿಗ್ಗೆ ನೋಡಿದರೆ, ಕುರ್ಚಿಗೆ ಒರಗಿ ಒಂದರ ಹಿಂದೊಂದು ನಿಟ್ಟುಸಿರು ಬಿಡುತ್ತ ಕೂತಿದ್ದಾರೆ.

"ಅಮ್ಮಾ, ಸಾಕು ಮಾಡು," ಎಂದ ನನ್ನ ಗಂಡ. "ಬೇಡ ಅಂದ್ರೆ ಬೇಡ ಅನ್ನು. ಅವಳು ಪಾಳಿ ಬದಲಾಯಿಸ್ಕೋತಾಳೆ."

ಅತ್ತೆ ಅದಲ್ಲ ಎನ್ನುವಂತೆ ಕೈ ಆಡಿಸಿದರು. ನೀರು ಕುಡಿಸಲು ಬಗ್ಗಿದಾಗ ಅವರ ಬಾಯಿಂದ ಕಳಿತ ಹಣ್ಣಿನ ವಾಸನೆ ಬಂತು. ಸಕ್ಕರೆ ಕಾಯಿಲೆಯವರು! ಬೇಕರಿಯಲ್ಲಿ ದುಡಿಯುವ ನನ್ನ ಮೂಗಿನ ಮೇಲೆ ನನಗೆ ಬಹಳ ನಂಬಿಕೆ. "ನಿಮ್ಮಮ್ಮ ಕದ್ದು ಬಾಳೆಹಣ್ಣು ತಿಂದಿದಾರೆ," ಎಂದು ಗಂಡನ ಕಿವಿಯಲ್ಲಿ ಉಸುರಿದೆ. ಬಚ್ಚಲಿಗೆಂದು ಎದ್ದ ಅತ್ತೆ ಬಾಗಿಲ ಚೌಕಟ್ಟು ಹಿಡಿದು ಹಾಗೇ ಕುಸಿದಾಗ ನಮ್ಮ ತಮಾಷೆ ಅಲ್ಲಿಗೇ ನಿಂತಿತು.

ಆಸ್ಪತ್ರೆಯಲ್ಲಿ ಅವರನ್ನು ನೋಡಿಕೊಂಡವರನ್ನು ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಆಳು ಕುಳ್ಳಿ; ಸಲೈನ್ ಬಾಟಲಿ ನೇತುಹಾಕಬೇಕಾದರೆ ಕಂಬವನ್ನೇ ಕೆಳಗಿಳಿಸಿಕೊಳ್ಳುತ್ತಿದ್ದರು. ಬಂದವರು ಮೊದಲು ಅತ್ತೆಯನ್ನು ಮುಟ್ಟಲಿಲ್ಲ. ಮಂಚದ ಕಾಲ ಬಳಿ ನಿಂತು ಎದೆ ಏರಿ ಇಳಿಯುವುದನ್ನು ಸುಮ್ಮನೆ ನೋಡಿದರು.

"ಯಾವಾಗಿಂದ ಹೀಗೆ ಉಸಿರಾಡ್ತಿದಾರೆ?"

"ನಿಟ್ಟುಸಿರಾ? ಅದು ಅವರಿಗೆ ಮೊದಲಿಂದಲೂ ಇದೆ ಸಿಸ್ಟರ್," ಎಂದೆ. "ಮನೇಲಿ ಸ್ವಲ್ಪ ಬೇಜಾರು... ನಾನು ಸೊಸೆ."

ಸಿಸ್ಟರ್ ನನ್ನ ಕಡೆ ತಿರುಗಿದರು. ಮುಖದಲ್ಲಿ ನಗು ಇಲ್ಲ, ಸಿಟ್ಟೂ ಇಲ್ಲ. "ನಿಟ್ಟುಸಿರು ಬಿಟ್ಟ ಮನುಷ್ಯ ಆಮೇಲೆ ಒಂದು ಗಳಿಗೆ ಸುಮ್ನಾಗ್ತಾನಮ್ಮ. ಯಾರಿಗೆ ತಗಲ್ಬೇಕೋ ಅವ್ರಿಗೆ ತಗಲ್ತಾ ಅಂತ ನೋಡ್ತಾನೆ. ಇವ್ರ ಉಸಿರು ಕೇಳಿ. ನಡುವೆ ಬಿಡುವಿದೆಯಾ?"

ಕಿವಿಗೊಟ್ಟೆ. ಇರಲಿಲ್ಲ. ಆಳವಾಗಿ ಒಳಗೆ, ಆಳವಾಗಿ ಹೊರಗೆ, ಮತ್ತೆ ಒಳಗೆ. ಯಾರೋ ಬೆನ್ನಟ್ಟಿದ ಹಾಗೆ. ಇಷ್ಟು ವರ್ಷ ಆ ಉಸಿರಿನ ಒಂದೊಂದು ಉದ್ದವನ್ನೂ ಅಳೆದಿಟ್ಟವಳು ನಾನು. ಬಿಡುವಿಲ್ಲ ಎನ್ನುವುದು ನನಗೇ ಕೇಳಿಸಿರಲಿಲ್ಲ.

ಆಮೇಲೆ ಸಿಸ್ಟರ್ ಕೈ ಓಡತೊಡಗಿತು. ಕೈಯ ಮೇಲಿನ ಚರ್ಮ ಬಿಟ್ಟು ಕತ್ತಿನ ಮೂಳೆಯ ಕೆಳಗೆ ಮೆಲ್ಲಗೆ ಚಿವುಟಿದರು. "ವಯಸ್ಸಾದವರ ಕೈ ಚರ್ಮ ಹೇಗೂ ಸಡಿಲ, ಮೈಯ ನೀರು ಆರಿದೆಯಾ ಅಂತ ನೋಡೋಕೆ ಹೋದ್ರೆ ಅದು ಸುಳ್ಳು ಹೇಳುತ್ತೆ," ಎಂದು ಜೊತೆಗಿದ್ದ ನರ್ಸಿಗೆ ಹೇಳಿದರು. ಚಿವುಟಿದ ಚರ್ಮ ಡೇರೆಯಂತೆ ನಿಂತೇ ಇತ್ತು. ನಾಲಿಗೆ ನೋಡಿದರು, ಕೆನ್ನೆಯ ಒಳಗೂ ಬೆರಳಾಡಿಸಿದರು. ಕಂಕುಳಲ್ಲಿ ಬೆವರಿನ ಪಸೆಯಿದೆಯೇ ಎಂದು ಮುಟ್ಟಿದರು. ಉಗುರು ಒತ್ತಿ ಬಿಟ್ಟು, ಕೆಂಪು ಮರಳುವುದನ್ನು ಕಾದರು. ಅತ್ತೆಯ ಮುಖದ ಹತ್ತಿರ ಬಗ್ಗಿ ಉಸಿರು ಮೂಸಿದರು.

"ಬಾಳೆಹಣ್ಣು..." ಎಂದೆ, ಸಣ್ಣ ದನಿಯಲ್ಲಿ.

"ಹಣ್ಣಲ್ಲ. ಇನ್ಸುಲಿನ್ ಇಂಜೆಕ್ಷನ್ ತಗೊಂಡ್ರಾ ಅಮ್ಮ?"

ಅತ್ತೆ ಒಂದೊಂದು ಮಾತಿಗೊಂದು ಉಸಿರೆಳೆದು ಹೇಳಿದರು. "ಊಟಾನೇ... ಇಲ್ವಲ್ಲ... ಅದಕ್ಕೆ... ಬಿಟ್ಟೆ."

"ಎಲ್ರೂ ಹಾಗೇ ಅಂದ್ಕೊಳ್ಳೋದು. ಊಟ ಬಿಟ್ರೂ ಅದನ್ನ ಬಿಡಬಾರದು. ಎಷ್ಟು ತಗೋಬೇಕು ಅಂತ ನಮ್ಮನ್ನ ಕೇಳಿದ್ರಾಯ್ತು." ಅಷ್ಟು ಹೇಳುವಷ್ಟರಲ್ಲಿ ಬೆರಳಿಗೆ ಸೂಜಿ ಚುಚ್ಚಿ ಆಗಿತ್ತು. ಸಕ್ಕರೆ ಅಳೆಯುವ ಪುಟ್ಟ ಯಂತ್ರ ಅಂಕಿಯನ್ನೇ ತೋರಿಸಲಿಲ್ಲ. ತನ್ನ ಲೆಕ್ಕಕ್ಕೆ ಮೀರಿದೆ ಎಂದು ಕೈಚೆಲ್ಲಿತು.

ಡಾಕ್ಟರು ಓಡಿ ಬಂದರು. ಚಿಕ್ಕ ವಯಸ್ಸು, ಚುರುಕು. "ಪರೀಕ್ಷೆಗೆ ಮಣಿಕಟ್ಟಿನಿಂದ ರಕ್ತ ತೆಗೀಬೇಕಲ್ಲ?"

"ಸಿರಿಂಜ್ ರೆಡಿ ಇದೆ ಡಾಕ್ಟ್ರೇ. ನೀವು ಚುಚ್ಚೋದೊಂದೇ ಬಾಕಿ."

"ನಂಗೆ ಅಂತ ಏನಾದ್ರೂ ಕೆಲಸ ಉಳಿಸಿದ್ದಕ್ಕೆ ಥ್ಯಾಂಕ್ಸ್," ಎಂದು ಅವರು ಅಂಗಿಯ ತೋಳು ಮಡಿಚಿದರು. ಇಬ್ಬರೂ ಒಂದೇ ಹಿಟ್ಟಿನ ಎರಡು ತುದಿ ಹಿಡಿದು ಎಳೆಯುವವರಂತೆ ಕೆಲಸ ಮಾಡುವುದನ್ನು ಗೋಡೆಗೊತ್ತಿ ನಿಂತು ನೋಡಿದೆ.

ಸಲೈನ್ ಹನಿಯತೊಡಗಿದ ಮೇಲೆ ಸಿಸ್ಟರ್ ನನ್ನನ್ನು ಕರೆದು ಕೂರಿಸಿದರು. "ನೀವೇನು ಕೆಲಸ ಮಾಡೋದು?"

"ಬೇಕರಿ."

"ಹಾಗಾದ್ರೆ ಬೇಗ ಅರ್ಥ ಆಗುತ್ತೆ. ಇವ್ರ ರಕ್ತ ಹುಳಿಯಾಗ್ಬಿಟ್ಟಿದೆ. ಇನ್ಸುಲಿನ್ ಇಲ್ದೆ ಮೈ ಸಕ್ಕರೆ ಬಳಸ್ಕೊಳ್ಳೋಕಾಗ್ದೆ ಕೊಬ್ಬು ಸುಡ್ತಿದೆ. ಆ ಹುಳಿ ಅದರದ್ದು, ವಾಸನೇನೂ ಅದರದ್ದೇ. ಆ ಹುಳೀನ ಉಸಿರಲ್ಲಿ ಹೊರಗೆ ತಳ್ಳೋಕೆ ಹೀಗೆ ಒದ್ದಾಡ್ತಿದಾರೆ. ಬೇಜಾರಲ್ಲಿ ಕೂತಿಲ್ಲಮ್ಮ ಇವ್ರು. ಜೀವ ಉಳಿಸ್ಕೊಳ್ಳೋಕೆ ದುಡೀತಾ ಇದಾರೆ."

ಹುಳಿ ಏರಿದ ಹಿಟ್ಟನ್ನು ನಾವು ತಿಪ್ಪೆಗೆ ಎಸೆಯುತ್ತೇವೆ. ಅತ್ತೆಯ ಪಾದಗಳನ್ನು ಮಡಿಲಿಗೆ ಎಳೆದುಕೊಂಡು ಕೂತೆ.

ಮಧ್ಯಾಹ್ನ ಆ ಉಸಿರು ನಿಧಾನವಾಯಿತು. ನನಗೆ ಕುಣಿಯುವಷ್ಟು ಖುಷಿ. "ಸಿಸ್ಟರ್, ನಿಂತಿತು!" ಎಂದು ಕೂಗಿದೆ. ಅವರು ಬಂದರು, ಖುಷಿಪಡಲಿಲ್ಲ.

"ಗುಣವಾಗಿ ನಿಧಾನವಾಯ್ತೋ, ದಣಿದು ನಿಧಾನವಾಯ್ತೋ, ನೋಡ್ಬೇಕು."

ಸಿಸ್ಟರ್ ಅತ್ತೆಯ ಭುಜ ತಟ್ಟಿ ಎಬ್ಬಿಸಿದರು. "ಅಮ್ಮ, ಇವ್ರು ಯಾರು?"

ಅತ್ತೆ ಕಣ್ಣು ತೆರೆದು ನನ್ನನ್ನು ನೋಡಿದರು. "ನಮ್ಮ... ಬೇಕರಿ."

"ತಲೆ ನೆಟ್ಟಗಿದೆ," ಎಂದರು ಸಿಸ್ಟರ್. ತಮ್ಮ ಎರಡು ಬೆರಳನ್ನು ಅತ್ತೆಯ ಅಂಗೈಯಲ್ಲಿಟ್ಟರು. "ಬಿಗಿಯಾಗಿ ಹಿಡೀರಿ." ಬೆರಳುಗಳು ಮಡಿಚಿಕೊಂಡವು, ಬಿಗಿಯಾಗಲಿಲ್ಲ. ಕಾಲೆತ್ತಲು ಹೇಳಿದರು, ಹಿಮ್ಮಡಿ ಹಾಸಿಗೆ ಬಿಟ್ಟು ಏಳಲಿಲ್ಲ. ಮಾನಿಟರ್‌ನಲ್ಲಿ ಓಡುತ್ತಿದ್ದ ಹೃದಯದ ಗೆರೆಯನ್ನು ಕಣ್ಣು ಕಿರಿದು ಮಾಡಿ ನೋಡಿದರು. ಮೂತ್ರದ ಚೀಲ ಎತ್ತಿ ಬೆಳಕಿಗೆ ಹಿಡಿದರು. ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು, ಸಲೈನಿನಲ್ಲಿ ಸುರಿದ ನೀರು ಎದೆಯಲ್ಲಿ ನಿಂತಿಲ್ಲವಷ್ಟೇ ಎಂದು ಕೇಳಿಸಿಕೊಂಡರು.

"ಹುಳಿ ಇಳೀತಿದೆ. ಆದ್ರೆ ಪೊಟ್ಯಾಶಿಯಂ ಕೂಡ ಇಳೀತಿದೆ ಅನ್ಸುತ್ತೆ," ಎಂದು ಡಾಕ್ಟರಿಗೆ ಹೇಳಿದರು. "ಕೈಯಲ್ಲಿ ಹಿಡಿತ ಇಲ್ಲ. ಗೆರೆಯಲ್ಲಿ ಒಂದು ಉಬ್ಬು ತಗ್ತಾ ಇದೆ. ಮೂತ್ರ ಚೆನ್ನಾಗಿ ಬರ್ತಿದೆ."

ರಕ್ತ ಮತ್ತೆ ಪರೀಕ್ಷೆಗೆ ಹೋಯಿತು, ಅವಸರದಲ್ಲೇ ವರದಿ ಬಂತು. ಡಾಕ್ಟರು ಹೇಳಿದಷ್ಟು ಪೊಟ್ಯಾಶಿಯಂ ಬಾಟಲಿಗೆ ಬೆರೆಯಿತು. ಹೆಚ್ಚಾದರೂ ಹೃದಯಕ್ಕೆ ಕಷ್ಟ, ಕಡಿಮೆಯಾದರೂ ಕಷ್ಟ, ಮೂತ್ರ ನಿಂತರೆ ಮೈಯಲ್ಲೇ ಉಳಿದುಬಿಡುತ್ತದೆ, ಅದಕ್ಕೇ ಆ ಚೀಲದ ಮೇಲೆ ಕಣ್ಣು ಎಂದು ಸಿಸ್ಟರ್ ಹನಿಯ ವೇಗ ಸರಿಮಾಡುತ್ತಲೇ ಹೇಳಿದರು. ಪಾಳಿ ಮುಗಿಯುವವರೆಗೂ ಬಂದು ಬಂದು ಬೆರಳು ಕೊಟ್ಟರು. "ಹಿಡೀರಿ ಅಮ್ಮ." ಪ್ರತಿ ಸಲ ಅತ್ತೆ ಹಿಡಿದರು, ಇನ್ನೂ ಸಡಿಲವಾಗಿಯೇ. ನಾನು ಆ ಬೆರಳುಗಳ ಗೆಣ್ಣನ್ನೇ ನೋಡುತ್ತಿದ್ದೆ. ಹಿಟ್ಟು ಹದಕ್ಕೆ ಬಂತೆಂದು ಕೈಗೆ ತಿಳಿಯುತ್ತದೆ ಎಂದು ಬೇಕರಿಯ ಹುಡುಗಿಯರಿಗೆ ದೊಡ್ಡದಾಗಿ ಪಾಠ ಹೇಳುತ್ತೇನೆ. ಮನುಷ್ಯರ ಹದವನ್ನೂ ಹೀಗೆ ಕೈಯಲ್ಲೇ ತಿಳಿಯುವವರಿದ್ದಾರೆ ಎಂದು ಅವತ್ತು ಕಂಡೆ.

ಮರುದಿನ ಬೆಳಿಗ್ಗೆ ಗಂಡ ಮಗಳನ್ನು ಕರೆದುಕೊಂಡು ಬಂದ. ಶಾಲೆಗೆ ಹೊರಟವಳು, ಜಡೆ ಹಾಕಿದ್ದು ಅವಳಪ್ಪ. ಒಂದು ಕಿವಿಯ ಮೇಲೆ, ಇನ್ನೊಂದು ಬೆನ್ನ ಹಿಂದೆಲ್ಲೋ.

ಅತ್ತೆ ದಿಂಬಿಗೆ ಒರಗಿ ಕೂತಿದ್ದರು. ಜಡೆ ನೋಡಿದರು. ಮಗನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿ, ಉದ್ದಕ್ಕೆ ಉಸಿರೆಳೆದು, ಬಿಟ್ಟರು.

ಬಿಟ್ಟು ಸುಮ್ಮನಾದರು. ನನ್ನ ಮುಖವನ್ನೇ ನೋಡುತ್ತ ಕಾದರು.

ಬಾಟಲಿ ಬದಲಾಯಿಸುತ್ತಿದ್ದ ದೊಡ್ಡ ಸಿಸ್ಟರ್ ತಟ್ಟನೆ ತಿರುಗಿ ಹುಬ್ಬೇರಿಸಿದರು. "ಇದು?"

"ಇದು ನನಗೇ ಸಿಸ್ಟರ್," ಎಂದೆ. ನಗು ಬಂತೋ ಅಳು ಬಂತೋ, ಮೂಗು ಒರೆಸಿಕೊಳ್ಳಬೇಕಾಯಿತು. "ಸರಿಯಾಗಿ ತಗಲ್ತು."

"ಬಾಚಣಿಗೆ ಇದ್ರೆ ಕೊಡೇ," ಎಂದರು ಅತ್ತೆ. "ಮಗೂನ ಹೀಗೆ ಶಾಲೆಗೆ ಕಳಿಸ್ತಾರಾ? ನಾಳೆ ನಾನು ಮನೆಗೆ ಬರೋದ್ರೊಳಗೆ ಏನೇನ್ ಮಾಡಿಟ್ಟಿರ್ತೀರೋ!"

"ನಾಳೆ ಬೇಡ, ಇನ್ನೂ ಸ್ವಲ್ಪ ದಿನ ನಮ್ಮನೇಲೇ ಇರಿ," ಎಂದರು ಸಿಸ್ಟರ್. "ಸೂಜಿ ಇರೋ ಕೈ ಮಡಿಸ್ಬೇಡಿ."

ಮಗಳು ಮಂಚದ ಅಂಚಿಗೆ ಕೂತಳು. ಅತ್ತೆ ಜಡೆ ಬಿಚ್ಚಿ, ಬಾಚಿ, ಕೂದಲನ್ನು ಪಾಲು ಮಾಡಿ ಎಳೆದರು.

"ಅಜ್ಜೀ! ನೋಯ್ತಿದೆ!"

ಸಿಸ್ಟರ್ ಕೆಲಸ ಬಿಟ್ಟು ಆ ಬೆರಳುಗಳ ಕಡೆಗೇ ನೋಡಿದರು.

"ಹಿಡಿತ ಬಂತು," ಎಂದು ಮುಂದಿನ ಮಂಚಕ್ಕೆ ಹೋದರು.