ಬಿಚ್ಚಿ ಬಿಚ್ಚಿ ನೇಯ್ದ ಶಾಲು

ಪ್ರವಾಸಿಗರ ಬಸ್ಸಿನ ಹಾರನ್ ಕೇಳಿದರೆ ನೇಕಾರ ಮಗ್ಗದ ಮುಂದೆ ಕೂರುತ್ತಿದ್ದ. ಬಸ್ಸು ಹೊರಟಿತೋ, ಎದ್ದುಬಿಡುತ್ತಿದ್ದ. ಅಷ್ಟು ಹೊತ್ತು ನೇಯ್ದದ್ದನ್ನು ಬಿಚ್ಚುವುದು ಮನೆಯ ಸೊಸೆಯ, ಅಂದರೆ ಅವನ ಹೆಂಡತಿಯ ಕೆಲಸ. ಬಂದವರು ನೇಯುವುದನ್ನು ನೋಡಿ, ಕಪಾಟಿನಲ್ಲಿದ್ದ ಪೇಟೆಯ ಮಿಲ್ಲಿನ ಶಾಲನ್ನು ಈ ಮಗ್ಗದ್ದೆಂದೇ ನಂಬಿ ಕೊಂಡು ಹೋಗುತ್ತಿದ್ದರು. ಮಗ್ಗದ ಮೇಲಿನ ಕೆಂಪು ಶಾಲು ಮಾತ್ರ ಒಂದು ಮೊಳ ದಾಟಿರಲಿಲ್ಲ.

ಬಿಚ್ಚುವುದರಲ್ಲಿ ಸೊಸೆಯ ಕೈ ಪಳಗಿತ್ತು. ಅವಳ ಆಸೆ ಬೇರೆ. ಮಗ್ಗಕ್ಕೆ ಹಾಸು ಹೂಡುವುದು, ಅಂದರೆ ಉದ್ದದ ಎಳೆಗಳನ್ನು ಬಿಗಿದು ಪೋಣಿಸುವುದು, ಊರಿನಲ್ಲಿ ಈಗ ಅವಳ ಅತ್ತೆಯೊಬ್ಬರಿಗೇ ಗೊತ್ತಿತ್ತು. ಅತ್ತೆಯ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು.

“ಅತ್ತೆ ಹತ್ರ ಹಾಸು ಹೂಡೋದು ಕಲೀಲಾ ರೀ?”

“ಯಾಕೆ? ಈ ಹಾಸು ಮೊಮ್ಮಕ್ಕಳ ಕಾಲಕ್ಕೂ ಮುಗಿಯಲ್ಲ.”

“ನೇಯ್ದರೆ ತಾನೆ ಮುಗಿಯೋದು,” ಎಂದರು ಅತ್ತೆ ಒಳಗಿನಿಂದ.

ಒಂದು ದಿನ ಬಸ್ಸಿನಿಂದಿಳಿದ ಕನ್ನಡಕದ ಹೆಂಗಸು ಮಗ್ಗವನ್ನೊಮ್ಮೆ, ತನ್ನ ಮೊಬೈಲನ್ನೊಮ್ಮೆ ನೋಡಿದರು. “ಹೋದ ವರ್ಷ ಫೋಟೋ ತೆಗೆದಿದ್ದೆ. ಶಾಲು ಆಗಲೂ ಇಷ್ಟೇ ಇತ್ತಲ್ಲ?”

“ಸೂಕ್ಷ್ಮ ಕೆಲಸ ಮೇಡಂ. ನಿಧಾನ.”

“ಹಾಗಾದ್ರೆ ನನಗೆ ಇದೇ ಬೇಕು. ಈ ವಾರ ಇಲ್ಲೇ ಇರ್ತೀವಿ. ಮುಗಿಸಿಕೊಡಿ.”

ನೇಕಾರ ಬೆವರು ಒರೆಸಿಕೊಂಡು ಮಗ್ಗದ ಹಲಗೆಯನ್ನು ಎಳೆದು ಗಟ್ಟಿಯಾಗಿ ಒಂದು ಪೆಟ್ಟು ಹಾಕಿದ. ಬಿಚ್ಚಿ ಬಿಚ್ಚಿ ನವೆದಿದ್ದ ಎಳೆಗಳು ಪಟಪಟನೆ ಹರಿದವು.

ಅತ್ತೆ ಬಂದು ಸವರಿ ನೋಡಿದರು. “ಇದರ ಕಥೆ ಮುಗೀತು. ಹೊಸದು ಹೂಡಬೇಕು. ನನಗೆ ಎಳೆ ಕಾಣಲ್ಲ ಮಗಾ. ಕಣ್ಣು ಇವಳದ್ದು, ಬಾಯಿ ನನ್ನದು ಆದ್ರೆ ನೋಡೋಣ.”

“ಬಂದವರ ಮುಂದೇನಾ? ಇದನ್ನ ಯಾರು ನೋಡ್ತಾರಮ್ಮಾ? ನನಗೇ ನಿದ್ದೆ ಬರುತ್ತೆ.”

ಬಸ್ಸಿನವರಿಗೆ ಊರು ತೋರಿಸುತ್ತಿದ್ದ ಮಹಿಳಾ ಸಂಘದ ಅಕ್ಕ ನಕ್ಕರು. “ಅಣ್ಣಾ, ಮಿಲ್ಲಿನ ಶಾಲು ಅವರೂರಲ್ಲೂ ಸಿಗುತ್ತೆ. ಇಲ್ಲಿಗೆ ಬರೋದು ಮಗ್ಗ ಇದೆ ಅಂತ. ಹಾಸು ಹೂಡೋರೇ ಇಲ್ಲ ಅಂದ್ರೆ ಮಗ್ಗ ಬರೀ ಕಟ್ಟಿಗೆ. ಆಮೇಲೆ ಬಸ್ಸು ಯಾಕೆ ಬರುತ್ತೆ?”

ನೇಕಾರ ಹರಿದ ಎಳೆಗಳನ್ನು ಮಗ್ಗದಿಂದ ಕಿತ್ತು ತೆಗೆಯತೊಡಗಿದ.

ಮರುದಿನ ಹೊಸ ಹಾಸಿಗಾಗಿ ಬೀದಿಯುದ್ದಕ್ಕೂ ನೂಲು ಎಳೆದರು. ಹಿಡಿಯಲು ಕೈ ಸಾಲದೆ ಅತ್ತೆ ಪ್ರವಾಸಿಗರಿಗೇ ಒಂದೊಂದು ಕಂತೆ ಕೊಟ್ಟರು. “ಬಿಗಿಯಾಗಿ ಹಿಡೀರಿ. ಬಿಟ್ಟರೆ ಎಲ್ಲ ಮೊದಲಿಂದ.” ಯಾರೂ ಮೂಗು ಕೆರೆದುಕೊಳ್ಳುವ ಧೈರ್ಯ ಮಾಡಲಿಲ್ಲ. ಹೊತ್ತಾಯಿತೆಂದು ಗದರಲು ಬಂದ ಡ್ರೈವರ್‌ಗೂ ಒಂದು ಕಂತೆ ಸಿಕ್ಕಿತು.

ಮುಂದಿನ ಎರಡು ದಿನ ಸೊಸೆ ಎಳೆ ಪೋಣಿಸಿದಳು. ಅತ್ತೆ ಬೆರಳಾಡಿಸಿ ತಪ್ಪು ಹಿಡಿದರು; ಬಿಚ್ಚಿಸಿದರು, ಮತ್ತೆ ಪೋಣಿಸಿದಳು. ಕೊನೆಗೊಮ್ಮೆ ಅವರ ಬೆರಳು ಈ ಅಂಚಿನಿಂದ ಆ ಅಂಚಿನವರೆಗೆ ಎಲ್ಲೂ ನಿಲ್ಲದೆ ಹೋಯಿತು.

“ಮುಂದಿನ ಸಲ ನನ್ನ ನಿದ್ದೆ ಕೆಡಿಸಬೇಡ,” ಎಂದು ಎದ್ದು ಹೋದರು. ಅವರು ಸೊಸೆಯನ್ನು ಹೊಗಳಿದ್ದು ಅದೇ ಮೊದಲು. ನೇಕಾರ ಬಸ್ಸು ಹೋದ ಮೇಲೂ ಮಗ್ಗ ಬಿಟ್ಟೇಳದೆ, ವಾರ ಮುಗಿಯುವುದರೊಳಗೆ ಕನ್ನಡಕದ ಹೆಂಗಸಿಗೆ ಶಾಲು ಮುಗಿಸಿಕೊಟ್ಟ.

ಓದುಗರೇ, ಪ್ರವಾಸಿಗರು ಬರಲಿ. ಅವರಿಂದ ಕಸುಬಿಗೆ ಆಸರೆಯಾಗುತ್ತದೆ. ಆದರೆ ಅವರೆದುರು ಕಸುಬಿನ ನಾಟಕ ಬೇಡ, ಕಸುಬೇ ನಡೆಯಲಿ. ಮಿಲ್ಲಿನ ಮಾಲನ್ನು ಮಿಲ್ಲಿನದೆಂದೇ ಹೇಳಿ ಮಾರಿ. ನಿಮ್ಮೂರಿನಲ್ಲಿ ಒಬ್ಬರಿಗಷ್ಟೇ ಗೊತ್ತಿರುವ ಕೆಲಸ ಯಾವುದು? ಇವತ್ತೇ ಹೋಗಿ ಅವರ ಪಕ್ಕದಲ್ಲಿ ಕೂತು ಕಲಿಯಿರಿ. ಬೈಸಿಕೊಂಡರೂ ಏಳಬೇಡಿ.