ಹಿರಿಯನನ್ನು ಅವಸರಪಡಿಸಬಾರದು

ಇಬಾದಾನ್ ಸುತ್ತಿನ ನಮ್ಮ ಕಡೆ ಅವಳಿ ಹೆರುವುದು ಸುದ್ದಿಯೇ ಅಲ್ಲ. ಸಂತೆಯಲ್ಲಿ ನಿಂತು 'ತಾಯ್ವೊ' ಎಂದು ಕೂಗಿದರೆ ಅರ್ಧ ಸಂತೆ ತಿರುಗಿ ನೋಡುತ್ತದೆ, ಉಳಿದರ್ಧ ಕೆಹಿಂದೆಗಳು. ಅವಳಿಯಲ್ಲಿ ಮೊದಲು ಹುಟ್ಟಿದ್ದಕ್ಕೆ ತಾಯ್ವೊ ಎಂದೇ ಹೆಸರು, ಆದರೆ ಅದೇ ಕಿರಿಯದು. ಇನ್ನೂ ಒಳಗಿರುವ ಎರಡನೆಯದು ಕೆಹಿಂದೆ, ಅದೇ ಹಿರಿಯ. 'ಹೋಗು, ಲೋಕ ಹೇಗಿದೆ ನೋಡಿ ಕೂಗು' ಎಂದು ತಮ್ಮನನ್ನು ಮುಂದೆ ಕಳಿಸಿ, ಕೂಗು ಕೇಳಿದ ಮೇಲೆ ತನಗೆ ಬೇಕೆನಿಸಿದಾಗ ಬರುತ್ತಾನೆ. ಹಿರಿಯನನ್ನು ಯಾರೂ ಅವಸರಪಡಿಸುವುದಿಲ್ಲ.

ಈಯಾ ಎಜಿರೆ, ಅಂದರೆ ಅವಳಿಗಳ ತಾಯಿ, ಹೆಸರಿಗೆ ತಕ್ಕಂತೆ ಮೂರು ಸಲ ಅವಳಿ ಹೆತ್ತವಳು, ಮೂರೂ ಸಲ ಮನೆಯ ಒಳಕೋಣೆಯಲ್ಲೇ. ನಮ್ಮ ಓಣಿಯಲ್ಲಿ ಅವಳನ್ನು ಕೇಳದೆ ಬಸುರಿಯನ್ನು ಹೊಸಿಲು ದಾಟಿಸುತ್ತಿರಲಿಲ್ಲ. ಅವಳಿ ಹೊತ್ತಿದ್ದ ಅವಳ ಸೊಸೆ ಅದುನ್ನಿ ಮಾತ್ರ ಕೇಳದೆ ಆರೋಗ್ಯ ಕೇಂದ್ರಕ್ಕೆ ಹೋದಳು.

ಅಲ್ಲಿನ ನರ್ಸಮ್ಮನೂ ಮೆತ್ತಗಿನ ಬಾಯಿಯವಳಲ್ಲ. "ಕಾಲು ನೋಡು, ಹೇಗೆ ಊದಿದೆ! ಇಷ್ಟು ದಿನ ಯಾರ ಮದುವೇಲಿ ಕುಣೀತಿದ್ದೆ?" ಎಂದು ಬೈಯುತ್ತಲೇ ಹೊಟ್ಟೆ ಒತ್ತಿ ನೋಡಿದಳು. "ಕೆಳಗಿನ ಮಗು ತಲೆ ಕೆಳಗೆ ಮಾಡಿದೆ, ಸರಿ. ಮೇಲಿನದು ಅಡ್ಡ ಮಲಗಿದೆ. ನಿನಗೆ ಬಿಪಿ ಬೇರೆ ಏರಿದೆ. ಕೊಯ್ದೇ ತೆಗೀಬೇಕಾದೀತು. ನೋವು ಬರೋಕೆ ಮುಂಚೆ ಇಬಾದಾನ್ ದೊಡ್ಡಾಸ್ಪತ್ರೆ ಸೇರ್ಕೋ, ಇವತ್ತೇ. ಅತ್ತೆ ಮಾತು ಕೇಳ್ಕೊಂಡು ಮನೇಲೇ ಹೆತ್ತು, ಆಮೇಲೆ ನನ್ನ ಹತ್ರ ಬಂದು ಅಳಬೇಡ."

ಅದುನ್ನಿ ಮನೆಗೆ ಬಂದಾಗ ಈಯಾ ಎಜಿರೆ ಅಂಗಳದಲ್ಲಿ ನೆರೆಹೊರೆಯ ಹೆಂಗಸರ ಜೊತೆ ಮರಗೆಣಸಿನ ಸಿಪ್ಪೆ ಹೆರೆಯುತ್ತಿದ್ದಳು. ಅದುನ್ನಿಯ ಗಂಡ, ಚೊಚ್ಚಲ ಅವಳಿಯ ತಾಯ್ವೊ, ಮೂಲೆಯಲ್ಲಿ ಬೈಕು ಒರೆಸುತ್ತಿದ್ದ. ಸೊಸೆ ಹೇಳಿದ್ದನ್ನೆಲ್ಲ ಕೇಳಿ ಅತ್ತೆ ಹೆಂಗಸರತ್ತ ತಿರುಗಿದಳು.

"ಕೇಳಿದ್ರೇನ್ರೇ? ಹಿರಿಯ ಒಂದು ಗಳಿಗೆ ಅಡ್ಡಾಗಿದಾನೆ. ನಮ್ಮನೆ ಸೊಸೆ ಕತ್ತಿ ಹಿಡಿದು ಎಬ್ಬಿಸ್ತಾಳಂತೆ!"

ಹೆಂಗಸರು ನಕ್ಕರು.

"ಮಗು ತಿರುಗದೇ ಇದ್ರೆ, ಅಮ್ಮಾ?"

"ತಮ್ಮ ಕೂಗ್ಲಿ, ತಾನೇ ತಿರುಗ್ತಾನೆ. ನಿನ್ನ ಹೊಟ್ಟೆ ಏನು ಚಿನ್ನದ್ದಾ? ಈ ಮನೇಲಿ ಯಾವಳನ್ನೂ ಕೋಳಿ ಕೊಯ್ದ ಹಾಗೆ ಕೊಯ್ದಿಲ್ಲ."

"ಕೊಯ್ದಿಲ್ಲ, ಸರಿ. ಹಾಗಾದ್ರೆ ನಿಮ್ಮ ಚೊಚ್ಚಲ ಕೆಹಿಂದೆ ಎಲ್ಲಿ?"

ಹೆರೆಯುವ ಚಾಕುಗಳು ನಿಂತವು. ಒಳಕೋಣೆಯಲ್ಲಿ ಗೇಣುದ್ದದ ಒಂದು ಮರದ ಬೊಂಬೆಯಿದೆ. ಮನೆಯಲ್ಲಿ ಅಲಸಂದೆ ಬೇಯಿಸಿದಾಗಲೆಲ್ಲ ಮೊದಲ ತುತ್ತು ಅದಕ್ಕೆ. ಅದು ಯಾರ ಬದಲಿಗೆ ಇದೆಯೆಂದು ಊರಿಗೆಲ್ಲ ಗೊತ್ತು, ಅವಳೆದುರು ಆಡಿದವರಿಲ್ಲ. ಆ ಹೆರಿಗೆಯಲ್ಲಿ ಕಿರಿಯ ಬೆಳಿಗ್ಗೆಯೇ ಬಂದಿದ್ದ. ಹಿರಿಯನಿಗಾಗಿ ದೀಪ ಹಚ್ಚುವ ಹೊತ್ತಿನವರೆಗೆ ಮರ್ಯಾದೆಯಿಂದ ಕಾದರು. ಕೊನೆಗೆ ಬಂದದ್ದು ಅಳಲಿಲ್ಲ.

ಈಯಾ ಎಜಿರೆ ಕೈಯಲ್ಲಿದ್ದ ಗೆಣಸನ್ನು ಬೀಸಿ ಒಗೆದಳು. ಅದು ಅದುನ್ನಿಯ ಭುಜಕ್ಕೆ ಬಡಿಯಿತು.

"ನಿನ್ನ ನಾಲಿಗೆ ಬಿದ್ದುಹೋಗ! ತಾಯ್ವೊ, ಕೇಳಿದ್ಯೇನೋ? ನಾನು ನನ್ನ ಮಗನ್ನ ಕೊಂದೆ ಅಂತಾಳೆ ನಿನ್ನ ಹೆಂಡ್ತಿ. ಅವಳ ಬಾಯಿ ಮುಚ್ಸು!"

ತಾಯಿಗೆ ಎದುರಾಡಿ ಗೊತ್ತಿಲ್ಲದವನು ಅವನು. ಒರೆಸುವ ಬಟ್ಟೆಯನ್ನು ನಿಧಾನವಾಗಿ ಮಡಿಸಿ ಸೀಟಿನ ಮೇಲಿಟ್ಟ.

"ನಾನು ಕೂಗಿದ್ದೆ ಅಲ್ವಾ, ಅಮ್ಮಾ?"

"ಏನಂದೆ?"

"ಹುಟ್ಟಿದ ಕೂಡ್ಲೇ ಕೂಗಿದ್ದೆ. ಓಣಿಗೆಲ್ಲ ಕೇಳಿಸ್ತು ಅಂತ ನೀನೇ ಹೇಳ್ತಿದ್ದೆ. ಆದ್ರೂ ಅವನು ತಿರುಗಲಿಲ್ಲ."

ಈಯಾ ಎಜಿರೆ ನೆಲಕ್ಕೆ ಉಗಿದು, "ಹೋಗ್ರಿ. ಕೊಯ್ಸಿಕೊಂಡು ಬಂದವಳ ಜೊತೆ ನನಗೆ ಮಾತಿಲ್ಲ, ಸಾಯೋವರೆಗೂ" ಎಂದಳು.

ತಾಯ್ವೊ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ವ್ಯಾನು ನಿಲ್ಲುವ ಜಾಗಕ್ಕೆ ಮೆಲ್ಲಗೆ ಹೊರಟ. ಹೆಂಗಸರಲ್ಲಿ ಯಾರೂ ಎದ್ದು ಕಳಿಸಿಕೊಡಲಿಲ್ಲ.

ಇಬಾದಾನಿನಲ್ಲಿ ಬಿಪಿ ಇಳಿಯಲಿಲ್ಲ, ಮಗುವೂ ತಿರುಗಲಿಲ್ಲ. ಕೊಯ್ದೇ ತೆಗೆದರು. ಎರಡೂ ಹೆಣ್ಣು, ಎರಡೂ ಅತ್ತವು.

ಅವರು ಮರಳಿ ಬಂದ ದಿನ ಈಯಾ ಎಜಿರೆ ಬಾಗಿಲಿಗೆ ಬಂದು, ಸೊಸೆಯ ಮುಖ ನೋಡದೆ ಕೂಸುಗಳನ್ನು ಮಾತ್ರ ಎತ್ತಿಕೊಂಡು ಒಳಗೆ ಹೋದಳು. ಎರಡಕ್ಕೂ ಎಣ್ಣೆ ತಿಕ್ಕಿ, ಕೈಕಾಲು ನೀವಿ, ಬಿಸಿನೀರು ಹೊಯ್ದಳು. ಅಂದಿನಿಂದ ದಿನವೂ ಅವಳದೇ ಆ ಕೆಲಸ. ಆಡಿದ ಮಾತನ್ನೂ ಬಿಟ್ಟಿಲ್ಲ. ಕತ್ತು ನಿಲ್ಲದ ಕೂಸುಗಳನ್ನು ತೊಡೆಯ ಮೇಲೆ ಹಾಕಿಕೊಂಡು, "ನಿಮ್ಮಮ್ಮಂಗೆ ಹೇಳ್ರೇ, ಸಾರು ಉಪ್ಪುಗಡಲು" ಅನ್ನುತ್ತಾಳೆ.

"ನಿಮ್ಮಜ್ಜಿಗೆ ಹೇಳ್ರೇ, ಬೇಡವಾದ್ರೆ ನೀರು ಕುಡ್ಕೊಂಡು ಮಲಗ್ಲಿ" ಎಂದು ಒಲೆಯ ಮುಂದಿನಿಂದ ಅದುನ್ನಿ ಓಣಿಗೆಲ್ಲ ಕೇಳುವಂತೆ ಹೇಳುತ್ತಾಳೆ.